ಬಾಲ್ದಿ

ಬಿದ್ದ ಮೇಲೆ ಅಪ್ಪನಲ್ಲಿ ಉಳಿದದ್ದು ಒಂದೇ ಮಾತು:
ಬಾಲ್ದಿ.
ಮಿದುಳಿನ ಎಡಮಗ್ಗುಲಲ್ಲಿ ರಕ್ತ ಹೆಪ್ಪುಗಟ್ಟಿ
ಮಿಕ್ಕ ಮಾತೆಲ್ಲ ಕೊಚ್ಚಿಹೋಗಿ
ಇದೊಂದು ಹೇಗೋ ದಡಕ್ಕೆ ತಗುಲಿ ನಿಂತಿತ್ತು.
ಪಿಕೋ ದ್ವೀಪದಲ್ಲಿ ನಲವತ್ತು ವರ್ಷ ದೋಣಿ ರಿಪೇರಿ ಮಾಡಿದವನು,
ಬೈಗುಳಕ್ಕೆ ಹೆಸರಾದವನು; ಪಾದ್ರಿಯೂ ನಿಂತು
ಕಿವಿಗೊಟ್ಟು ಕೇಳುವಂಥ ಬೈಗುಳ.
ನೀರು ಬೇಕೆ? ಬಾಲ್ದಿ. ನೋವೆ? ಬಾಲ್ದಿ.
ನನ್ನ ಕಂಡು, ಕಣ್ಣು ತುಂಬಿ, ಬಾಲ್ದಿ.

ನಾನು ಪೋರ್ತೋದಲ್ಲಿ, ಮೂರನೇ ಮಹಡಿಯಲ್ಲಿ,
ಅದಕ್ಕಿಂತ ಹೆಚ್ಚಾಗಿ ಅಂಗೈಯಗಲದ ಗಾಜಿನಲ್ಲಿ ವಾಸವಿದ್ದವಳು.
ಎರಡು ಲಕ್ಷ ಜನ ನನ್ನ ಹಿಂದೆ.
ಒಂದು ಸಾಲಲ್ಲಿ ನಗಿಸುವುದು ಕಸುಬು.
ಬೆಳಗಾದರೆ ಇವತ್ತು ಲೋಕಕ್ಕೆ ಯಾರ ಮೇಲೆ ಕೋಪ ಎಂದು ನೋಡಿ
ಹಲ್ಲುಜ್ಜುವ ಮೊದಲೇ ನಾನೂ ಅಷ್ಟು ಕೋಪ ಮಾಡಿಕೊಳ್ಳುತ್ತಿದ್ದೆ.
ಗೋಡೆಯಾಚೆಯ ಮುದುಕಿ ಸತ್ತದ್ದು
ಹನ್ನೊಂದು ದಿನ ಗೊತ್ತಾಗಲಿಲ್ಲ;
ಪೆರುವಿನ ಯಾವುದೋ ಬೆಕ್ಕಿನ ಮಂಡಿಯ ಆಪರೇಷನ್ನು
ಗಂಟೆ ಗಂಟೆಗೂ ಗೊತ್ತಿತ್ತು.

ಆಸ್ಪತ್ರೆ ಎದುರಿನ ದ್ವೀಪದಲ್ಲಿ. ದೋಣಿಯಲ್ಲಿ ಅರ್ಧ ಗಂಟೆ.
ನಡುಗಡಲಲ್ಲಿ, ಸಿಗ್ನಲ್ಲು ಎರಡು ಗೆರೆ ಇದ್ದಾಗ, ಬರೆದೆ:
"ನನ್ನಪ್ಪನಿಗೆ ಈಗ ಒಂದೇ ಪದ ಬರುತ್ತದೆ, ಬಾಲ್ದಿ.
ನನಗೆ ಲಕ್ಷ ಪದ ಬರುತ್ತವೆ. ಅರ್ಥವಾಗುವುದು ಅವನ ಮಾತೇ."
ಬರೆಯುವಾಗ ಅತ್ತಿದ್ದೆ, ಸುಳ್ಳಲ್ಲ.
ಅಳುತ್ತಲೇ ಕೊನೆಯ ವಾಕ್ಯದ ಒಂದು ಪದ ಕತ್ತರಿಸಿದೆ, ಲಯಕ್ಕೆ.
ಅದೂ ಸುಳ್ಳಲ್ಲ.

ದಡ ಮುಟ್ಟುವಷ್ಟರಲ್ಲಿ ಅದು ಎಷ್ಟೋ ಕಡಲು ದಾಟಿತ್ತು.
ನಮಸ್ಕಾರಕ್ಕೆ ಬದಲು ಬಾಲ್ದಿ ಅಂದರು ಜನ.
ಮುರಿದ ಪ್ರೇಮಕ್ಕೆ ಬಾಲ್ದಿ, ಚುನಾವಣೆಯ ಸೋಲಿಗೆ ಬಾಲ್ದಿ.
ಯಾರೋ ತೋಳಿಗೆ ಹಚ್ಚೆ ಹಾಕಿಸಿಕೊಂಡು
ಫೋಟೋ ಕಳಿಸಿದರು, ಚರ್ಮ ಇನ್ನೂ ಕೆಂಪು.
ಅಪ್ಪನ ಹಾಸಿಗೆಯ ಪಕ್ಕ ಕೂತು ಎಲ್ಲ ಓದುತ್ತಿದ್ದೆ.
ಅಪ್ಪ ಬಾಲ್ದಿ ಅಂದ.
ತಡಿ, ಒಂದು ನಿಮಿಷ, ಅಂದೆ.

ನರ್ಸು ನತೇರ್ಸಿಯಾಗೆ ಇದೊಂದೂ ಗೊತ್ತಿರಲಿಲ್ಲ.
ಕಿವಿಗೊಡು, ಅಂದಳು, ಎಲ್ಲ ಒಂದೇ ಅಲ್ಲ.
ಮೊದಲಕ್ಷರ ಎಳೆದರೆ ಮಗ್ಗುಲು ಬದಲಿಸಬೇಕು.
ಗಂಟಲಲ್ಲೇ ಮುರಿದರೆ ಉಚ್ಚೆ.
ಕೊನೆಗೆ ಗಾಳಿ ಸೇರಿಸಿ, ಮೆಲ್ಲಗೆ, ಬಾಲ್ದೀ ಅಂದರೆ
ಕಿಟಕಿ ತೆಗೆ ಅಂತ.
ಆಮೇಲೆ ಹತ್ತೊಂಬತ್ತು ದಿನ ಅದನ್ನೇ ಕಲಿತೆ,
ಪರದೇಶಿಯ ಹಾಗೆ, ತಪ್ಪುತ್ತ, ಮತ್ತೆ ಕೇಳುತ್ತ.
ಹದಿನಾಲ್ಕು ಬಾಲ್ದಿ ತಿಳಿಯಿತು ನನಗೆ.
ಹದಿನೈದನೆಯದೊಂದಿತ್ತು; ಇಳಿಸಂಜೆ ಮಾತ್ರ ಅನ್ನುತ್ತಿದ್ದ.
ಅದು ತಿಳಿಯುವ ಮೊದಲೇ ಹೋದ.

ಪೆಟ್ಟಿಗೆ ಅದೇ ದೋಣಿಯಲ್ಲಿ ಬಂತು, ಈರುಳ್ಳಿ ಮೂಟೆಗಳ ಜೊತೆ.
ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ
ಅಣ್ಣ ಜೆಫೆರೀನೋನ ಮಗ ದಿನೀಸ್ ಕೇಳಿದ: ಅತ್ತೆ,
ನಮ್ಮ ಕ್ಲಾಸಲ್ಲಿ ಎಲ್ಲರೂ ಬಾಲ್ದಿ ಬಾಲ್ದಿ ಅಂತ ನಗ್ತಾರೆ,
ಅದು ನಮ್ಮ ತಾತನದೇ ಅಲ್ವಾ?
ಚಮಚಗಳು ನಿಂತವು.
ಅಣ್ಣ ಬಯ್ಯುತ್ತಾನೆ ಎಂದುಕೊಂಡೆ; ಬಯ್ದಿದ್ದರೆ ಚೆನ್ನಿತ್ತು,
ಅಪ್ಪನ ಆಸ್ತಿಯಲ್ಲಿ ಬೈಗುಳವೆಲ್ಲ ಅವನ ಪಾಲಿಗೇ ಬಂದದ್ದು.
ಎದ್ದು ಹೋಗಿ, ಡಾಂಬರು ಮೆತ್ತಿದ ಬಾಲ್ದಿ ತಂದು
ನನ್ನ ಕಾಲ ಬಳಿ ಇಟ್ಟ.
ಹಿಡಿ ಇಲ್ಲ. ಹಿಡಿಯ ಜಾಗದಲ್ಲಿ ಬಲೆಯ ಹಗ್ಗ.
ತಳದಲ್ಲಿ ಒಂದು ಸತ್ತ ಜೇಡ.
ಇದನ್ನೂ ಹಾಕು, ಅಂದ.

ಹಾಕಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ; ಬ್ಯಾಟರಿ ಮುಗಿದಿತ್ತು,
ಚಾರ್ಜರು ಆಸ್ಪತ್ರೆಯ ಗೋಡೆಯಲ್ಲೇ ಉಳಿದಿತ್ತು.

ರಾತ್ರಿ ಅಮ್ಮನ ಪಕ್ಕ ಮಲಗಿದೆ,
ಅಪ್ಪನ ಮೈ ಮಾಡಿಟ್ಟ ತಗ್ಗಿನಲ್ಲಿ.
ಎಲ್ಲೆಲ್ಲೋ ಯಾರು ಯಾರೋ ಅದನ್ನೇ ಬರೆಯುತ್ತಿದ್ದರು,
ಎರಡಕ್ಷರ, ದನಿಯಿಲ್ಲದೆ.
ನಿದ್ದೆ ಹೋದಳು ಎಂದುಕೊಂಡಿದ್ದ ಅಮ್ಮ
ಗೋಡೆಗೆ ಮುಖ ಮಾಡಿಯೇ, ಕೊನೆಗೆ ಗಾಳಿ ಸೇರಿಸಿ,
ಮೆಲ್ಲಗೆ ಅಂದಳು:
ಬಾಲ್ದೀ.

ಎದ್ದು ಕಿಟಕಿ ತೆಗೆದೆ.